ಛೋಟಿ ಬಹುವನ್ನು ಕೊಂದದ್ದು ಕುಡಿತಕ್ಕಲ್ಲ

ಪ್ರಶ್ನೆ: 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರವನ್ನು ಮೊನ್ನೆ ಮನೆಯವರೆಲ್ಲ ಕೂತು ನೋಡಿದೆವು. ಅಮ್ಮನಿಗೆ ಕಣ್ಣೀರು, ನನಗೆ ಸಿಟ್ಟು. ಗಂಡ ರಾತ್ರಿ ಮನೆಯಲ್ಲಿರಲಿ ಅಂತ ಹೆಂಡತಿ ಕುಡಿಯೋಕೆ ಶುರು ಮಾಡ್ತಾಳೆ. ಇದು ಪಾತಿವ್ರತ್ಯದ ಗುಣಗಾನ ಅಲ್ವಾ? ಅಷ್ಟು ದೊಡ್ಡ ಮನೆಯ ಸೊಸೆ, ಒಡವೆ ಇದೆ, ಆಳುಕಾಳು ಇದ್ದಾರೆ. ಎದ್ದು ತವರಿಗೆ ಹೋಗಬಾರದಿತ್ತಾ? ಕೊನೆಗೆ ಅವಳನ್ನು ಯಾಕೆ ಕೊಂದರು ಅನ್ನೋದೂ ಸರಿಯಾಗಿ ತಿಳಿಯಲಿಲ್ಲ. ಇನ್ನೊಂದು ಸಣ್ಣ ಅನುಮಾನ: ಈ ಚಿತ್ರ ನಿರ್ದೇಶಿಸಿದ್ದು ಗುರುದತ್ತಾ, ಅಬ್ರಾರ್ ಅಲ್ವಿಯಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದನ್ನು ಚಿತ್ರದ ಮೇಲೆ ತಿರುಗಿಸುವ ಮೊದಲು ಒಂದು ವಿಷಯ ಗಮನಿಸಿ. ಛೋಟಿ ಬಹು, ಅಂದರೆ ಆ ಮನೆಯ ಕಿರಿಯ ಸೊಸೆ, ಆ ಹವೇಲಿಯೊಳಗೆ ಕೂತು ಬಹಳ ಕಾಲ ಕುಡಿಯುತ್ತಾಳೆ. ಆಳುಗಳಿಗೆ ಗೊತ್ತು, ಮನೆಯವರಿಗೆ ಗೊತ್ತು. ಯಾರೂ ಅವಳ ತಂಟೆಗೆ ಬರುವುದಿಲ್ಲ. ಒಂದೇ ಒಂದು ರಾತ್ರಿ ಆಕೆ ಗಾಡಿ ಹತ್ತಿ ಹೊಸಿಲು ದಾಟುತ್ತಾಳೆ. ಅದೂ ಗಂಡನ ಕಾಯಿಲೆ ವಾಸಿಯಾಗಲಿ ಅಂತ ಒಬ್ಬ ಸಾಧುವನ್ನು ಕಾಣಲು. ಆ ರಾತ್ರಿಯೇ ಅವಳನ್ನು ಮುಗಿಸುತ್ತಾರೆ. ಕುಡಿತವನ್ನು ಆ ಮನೆ ನುಂಗಿಕೊಂಡಿತು. ಸೊಸೆ ಹೊರಗೆ ಕಾಲಿಟ್ಟದ್ದನ್ನು ನುಂಗಿಕೊಳ್ಳಲಿಲ್ಲ. ಇಡೀ ಚಿತ್ರವನ್ನು ನಾನು ಓದುವುದು ಇಲ್ಲಿಂದ.

ಚಿತ್ರ ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದ ಕೊನೆಯ ಕಲ್ಕತ್ತ. ಭೂತನಾಥ ಎಂಬ ಹಳ್ಳಿ ಹುಡುಗ ಕೆಲಸ ಹುಡುಕಿಕೊಂಡು ಬಂದು ಚೌಧುರಿಗಳ ಹವೇಲಿಯಲ್ಲಿ ಉಳಿದುಕೊಳ್ಳುತ್ತಾನೆ. ಈ ಪಾತ್ರ ಗುರುದತ್ ಅವರದೇ. ಮನೆಯ ಕಿರಿಯ ಜಮೀನ್ದಾರ ಛೋಟೆ ಬಾಬು, ಅಂದರೆ ರೆಹಮಾನ್. ಅವನು ರಾತ್ರಿಗಳನ್ನೆಲ್ಲ ಕೋಠಾದಲ್ಲಿ, ಅಂದರೆ ಹಾಡು-ಕುಣಿತದ ಸೂಳೆಮನೆಯಲ್ಲಿ, ಕಳೆಯುತ್ತಾನೆ. ಅವನ ಹೆಂಡತಿ ಛೋಟಿ ಬಹು, ಮೀನಾ ಕುಮಾರಿ. ಗಂಡನನ್ನು ಒಲಿಸಿಕೊಳ್ಳಲು ‘ಮೋಹಿನಿ ಸಿಂಧೂರ’ ತಂದುಕೊಡು ಎಂದು ಆಕೆ ಭೂತನಾಥನನ್ನು ಕೇಳಿಕೊಳ್ಳುತ್ತಾಳೆ. ಸಿಂಧೂರದಿಂದ ಏನೂ ಆಗುವುದಿಲ್ಲ. ಆಮೇಲೆ ಹೆಂಡ. ಅತ್ತ ಭೂತನಾಥ ಕೆಲಸಕ್ಕಿರುವ ಸಿಂಧೂರದ ಕಾರ್ಖಾನೆಯ ಮಾಲೀಕ ಸುವಿನಯ ಬಾಬು ಬ್ರಾಹ್ಮ ಸಮಾಜದವನು, ಅಂದರೆ ಬಂಗಾಳದ ಹಿಂದೂ ಸುಧಾರಕರ ಪಂಗಡದವನು. ಅವನ ಮಗಳು ಜಬಾ, ವಹೀದಾ ರೆಹಮಾನ್. ಚಿತ್ರ ಶುರುವಾಗುವುದು ವರ್ಷಗಳ ನಂತರ, ಆ ಹವೇಲಿಯನ್ನು ಕೆಡವುವ ದೃಶ್ಯದಿಂದ. ಕೆಡವುವ ಕೆಲಸದ ಉಸ್ತುವಾರಿ ಅದೇ ಭೂತನಾಥನದು. ಕೊನೆಗೆ ನೆಲದಡಿಯಿಂದ ಒಂದು ಅಸ್ಥಿಪಂಜರ ಸಿಗುತ್ತದೆ. ಕೈಯಲ್ಲಿ ಬಳೆ ಇದೆ. ಯಾರದು ಅಂತ ಅವನಿಗೆ ತಕ್ಷಣ ಗೊತ್ತಾಗುತ್ತದೆ.

ಮೂಲ ಬಿಮಲ್ ಮಿತ್ರ ಅವರ ಬಂಗಾಳಿ ಕಾದಂಬರಿ. ಅದು ಪುಸ್ತಕವಾಗಿ ಬಂದದ್ದು 1953ರಲ್ಲಿ. ಪಶ್ಚಿಮ ಬಂಗಾಳದಲ್ಲಿ ಜಮೀನ್ದಾರಿ ರದ್ದತಿಯ ಕಾನೂನು ಬಂದದ್ದೂ ಅದೇ ವರ್ಷ. ಇದು ಕಾಕತಾಳೀಯ ಇರಬಹುದು. ಆದರೆ ಓದುಗರು ಅದನ್ನು ಯಾವ ಮನಸ್ಥಿತಿಯಲ್ಲಿ ಓದಿರಬೇಕು ಅಂತ ಊಹಿಸಿ. ಕಣ್ಣೆದುರೇ ಒಂದು ವರ್ಗ ಕಾಗದದ ಮೇಲೂ ಇಲ್ಲವಾಗುತ್ತಿತ್ತು. 1956ರಲ್ಲಿ ಇದು ಬಂಗಾಳಿಯಲ್ಲೂ ಚಿತ್ರವಾಯಿತು. ಅಲ್ಲಿ ಭೂತನಾಥನಾಗಿದ್ದವರು ಉತ್ತಮ್ ಕುಮಾರ್, ಛೋಟಿ ಬಹುವಾಗಿದ್ದವರು ಸುಮಿತ್ರಾ ದೇವಿ.

ಈಗ ಆ ಮನೆಯನ್ನು ಸ್ವಲ್ಪ ನೋಡೋಣ. ಈ ಮದುವೆ ಯಾಕೆ ಹಾಗಿತ್ತು ಅನ್ನುವುದಕ್ಕೆ ಉತ್ತರ ಗಂಡನ ಸ್ವಭಾವದಲ್ಲಿ ಸಿಗುವುದಕ್ಕಿಂತ ಜಾಸ್ತಿ ಮನೆಯ ಆದಾಯದಲ್ಲಿ ಸಿಗುತ್ತದೆ.

1793ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಕಾಯಂ ಜಮೀನ್ದಾರಿ ಪದ್ಧತಿ ತಂದ. ಜಮೀನ್ದಾರ ಈಸ್ಟ್ ಇಂಡಿಯಾ ಕಂಪನಿಗೆ ಕಟ್ಟಬೇಕಾದ ಕಂದಾಯ ಒಂದೇ ಸಲ ಗೊತ್ತಾಗಿಹೋಯಿತು. ಆಗಿನ ವಸೂಲಿಯ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಸರ್ಕಾರಕ್ಕೆ. ಮುಂದೆ ಬೆಲೆ ಏರಿತು, ಬೇಸಾಯ ಹರಡಿತು, ರೈತನ ಗೇಣಿ ಹೆಚ್ಚಿತು. ಸರ್ಕಾರದ ಪಾಲು ಮಾತ್ರ ಇದ್ದಲ್ಲೇ ಇತ್ತು. ನಡುವಿನ ದುಡ್ಡೆಲ್ಲ ಜಮೀನ್ದಾರನಿಗೆ. ಅದಕ್ಕಾಗಿ ಅವನು ಹೊಲ ನೋಡಬೇಕಿಲ್ಲ, ಹಳ್ಳಿಯಲ್ಲಿರಬೇಕಿಲ್ಲ. ಗುಮಾಸ್ತರು ವಸೂಲಿ ಮಾಡಿ ಕಳಿಸುತ್ತಾರೆ. ಗೊತ್ತುಪಡಿಸಿದ ದಿನ ಹೊತ್ತು ಮುಳುಗುವ ಮೊದಲು ಕಂದಾಯ ಕಟ್ಟದಿದ್ದರೆ ಜಮೀನ್ದಾರಿ ಹರಾಜಾಗುತ್ತಿತ್ತು ನಿಜ. ಆ ಭಯ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ.

ಕೆಲಸವಿಲ್ಲದ ದುಡ್ಡು ಕಲ್ಕತ್ತದಲ್ಲಿ ‘ಬಾಬು’ ಜೀವನವಾಯಿತು. ಪಾರಿವಾಳದ ಪಂದ್ಯ, ಮನೆಯಲ್ಲಿ ನರ್ತಕಿಯರ ನಾಚ್, ಇಟ್ಟುಕೊಂಡ ಹೆಣ್ಣಿಗೆ ಬೇರೆ ಮನೆ. 1862ರಲ್ಲೇ ಬಂಗಾಳಿ ಬರಹಗಾರ ಕಾಳಿಪ್ರಸನ್ನ ಸಿಂಹ ಈ ಬಾಬುಗಳನ್ನು ‘ಹುತೋಮ್ ಪ್ಯಾಂಚಾರ್ ನಕ್ಷಾ’ ಎಂಬ ವಿಡಂಬನೆಯ ಪುಸ್ತಕದಲ್ಲಿ ಚೆನ್ನಾಗಿ ಗೇಲಿ ಮಾಡಿದ್ದರು. ಅವರೂ ಅಂಥದೇ ಸಿರಿವಂತ ಮನೆಯ ಹುಡುಗ ಅನ್ನುವುದು ತಮಾಷೆ. ಸರಿಯಾಗಿ ನೂರು ವರ್ಷ ಬಿಟ್ಟು ನಮ್ಮ ಚಿತ್ರ ಬಂತು. ಚಿತ್ರದಲ್ಲಿ ಮಝಲೇ ಬಾಬು, ಅಂದರೆ ನಡುವಣ ಅಣ್ಣ, ಪಾರಿವಾಳದ ಪಂದ್ಯದಲ್ಲಿ ಮುಳುಗಿರುವುದನ್ನು ನೋಡಿದಾಗ ನಗು ಬರುತ್ತದೆ. ಆದರೆ ಅವನಿಗೆ ಅದು ಆಟ ಅಲ್ಲ. ದುಡ್ಡನ್ನು ಹೀಗೆ ಉಡಾಯಿಸುವುದೇ ಮನೆತನದ ಗುರುತು. ಲೆಕ್ಕ ಹಾಕಿ ಖರ್ಚು ಮಾಡುವವನು ವ್ಯಾಪಾರಿ, ಸುವಿನಯ ಬಾಬುವಿನಂಥವನು.

ಗಂಡ ರಾತ್ರಿ ಹೊರಗೆ ಹೋಗುವುದೂ ಈ ಪಟ್ಟಿಯಲ್ಲೇ ಬರುತ್ತದೆ. ಛೋಟೆ ಬಾಬು ಕದ್ದು ಹೋಗುವುದಿಲ್ಲ. ಬಿಳಿ ಪಂಚೆ, ಅತ್ತರು, ಗಾಡಿ, ಎಲ್ಲರ ಕಣ್ಣೆದುರೇ ಹೊರಡುತ್ತಾನೆ. ಚೌಧುರಿ ಗಂಡಸು ಹೆಂಡತಿಯ ಸೆರಗು ಹಿಡಿದು ಮನೆಯಲ್ಲಿ ಕೂತರೆ ಅದೇ ಅವಮಾನ. ಅವನು ಹೆಂಡತಿಗೆ ಹೇಳುವುದು ಇಷ್ಟು: ಒಡವೆ ಮುರಿಸು, ಹೊಸ ಒಡವೆ ಮಾಡಿಸು, ಕವಡೆ ಆಡು, ಆರಾಮಾಗಿ ಮಲಗು. ಅವನ ದೃಷ್ಟಿಯಲ್ಲಿ ಇದು ಕ್ರೂರ ಮಾತಲ್ಲ. ಮಿಕ್ಕ ಸೊಸೆಯರು ಮಾಡುತ್ತಿರುವುದೇ ಅದು. ನಡುವಣ ಸೊಸೆಗೆ ಒಡವೆಯೇ ಲೋಕ. ಹಿರಿಯ ಸೊಸೆ ವಿಧವೆ. ಮಡಿಯ ಗೀಳು ಹಿಡಿದು ದಿನವಿಡೀ ಕೈ ತೊಳೆಯುತ್ತಾಳೆ. ಪ್ರೇಕ್ಷಕರು ಈ ಪಾತ್ರವನ್ನು ಸುಮ್ನೆ ದಾಟಿಬಿಡುತ್ತಾರೆ. ನನಗೆ ಅವಳೇ ಜಾಸ್ತಿ ಭಯ ಹುಟ್ಟಿಸುವುದು. ಆ ಮನೆಯಲ್ಲಿ ಹುಚ್ಚಾಗುವುದಕ್ಕೂ ಒಂದು ಮರ್ಯಾದಸ್ಥ ದಾರಿ ಇದೆ. ಮಡಿಯ ಹೆಸರಿನಲ್ಲಿ ಹುಚ್ಚಾದರೆ ಯಾರೂ ಏನೂ ಅನ್ನುವುದಿಲ್ಲ.

ಈ ನಡುವೆ ಛೋಟಿ ಬಹು ಕೇಳುವುದೇನು? ಗಂಡ ರಾತ್ರಿ ತನ್ನ ಜೊತೆ ಇರಲಿ, ಮಾತಾಡಲಿ, ತನ್ನನ್ನು ಪ್ರೀತಿಸಲಿ. ಇವತ್ತು ನಮಗೆ ಇದು ತೀರಾ ಸಾಮಾನ್ಯ ಆಸೆ. ಆ ಹವೇಲಿಯಲ್ಲಿ ಇದೇ ಬಂಡಾಯ. ನೀವು ಅವಳನ್ನು ಹಳೆಯ ಕಾಲದ ಪತಿವ್ರತೆ ಅಂದುಕೊಂಡಿರಿ. ಹಳೆಯ ಕಾಲದ ಪತಿವ್ರತೆಯರು ಅವಳ ವಾರಗಿತ್ತಿಯರು. ಅವರು ಏನನ್ನೂ ಕೇಳುವುದಿಲ್ಲ. ಇವಳು ಸ್ನೇಹದ ದಾಂಪತ್ಯ ಬೇಕು ಅನ್ನುತ್ತಾಳೆ. ಆ ಕಾಲದ ಬಂಗಾಳದಲ್ಲಿ ಬ್ರಾಹ್ಮ ಸಮಾಜದ ಓದಿದ ಕುಟುಂಬಗಳು ಇಂಥ ದಾಂಪತ್ಯದ ಬಗ್ಗೆ ಮಾತಾಡುತ್ತಿದ್ದವು, ಬರೆಯುತ್ತಿದ್ದವು. ಹೊಸ ಆಸೆ ಹಳೆಯ ಮನೆಯೊಳಗೆ ಹುಟ್ಟಿತು. ಅದನ್ನು ಪಡೆಯಲು ಅವಳ ಕೈಯಲ್ಲಿ ಇದ್ದದ್ದು ಹಳೆಯ ಸಾಧನಗಳು ಮಾತ್ರ: ವ್ರತ, ಸಿಂಧೂರ, ಅಲಂಕಾರ, ಕೊನೆಗೆ ತನ್ನನ್ನೇ ತೆತ್ತುಕೊಳ್ಳುವುದು.

ಅಮಲಿನಲ್ಲಿ ಅವಳು ಆಡುವ ಮಾತು ನೆನಪಿದೆಯಾ? ಹಿಂದೂ ಮನೆಯ ಸೊಸೆಯಾಗಿ ಯಾರಾದರೂ ಹೆಂಡ ಕುಡಿದಿದ್ದಾರಾ ಅಂತ ಕೇಳುತ್ತಾಳೆ. ಅದರಲ್ಲಿ ನಾಚಿಕೆಗಿಂತ ಹೆಮ್ಮೆ ಜಾಸ್ತಿ. ಬೇರೆ ಯಾವ ಹೆಂಗಸೂ ಮಾಡದ ವ್ರತ ನಾನು ಮಾಡಿದೆ ಅನ್ನುವ ಧಾಟಿ. ಕುಡಿತವನ್ನೂ ವ್ರತದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾಳೆ. ಚಿತ್ರ ಪಾತಿವ್ರತ್ಯವನ್ನು ಹೊಗಳುತ್ತಿದೆ ಅಂತ ನಿಮಗೆ ಅನಿಸಿದ್ದು ಬಹುಶಃ ಇಲ್ಲೇ. ನನ್ನ ಓದು ಬೇರೆ. ಗಂಡ ಹೇಳಿದ್ದೆಲ್ಲ ಮಾಡು ಅನ್ನುವ ಉಪದೇಶವನ್ನು ಚಿತ್ರ ಅಕ್ಷರಶಃ ತೆಗೆದುಕೊಂಡು ಕೊನೆಯವರೆಗೂ ನಡೆಸಿ ತೋರಿಸುತ್ತದೆ. ಗಂಡ ಕುಡಿ ಅಂದ, ಕುಡಿದಳು. ಮುಂದೆ ಕೋಠಾದ ಜಗಳದಲ್ಲಿ ಪೆಟ್ಟು ತಿಂದು, ಲಕ್ವ ಹೊಡೆದು ಅವನು ಹಾಸಿಗೆ ಹಿಡಿದ. ಆಗ ಬಿಡು ಅಂದ. ಈಗ ಬಿಡಲು ಅವಳಿಂದ ಆಗುವುದಿಲ್ಲ. ಮಾತು ಕೇಳಿದ್ದಕ್ಕೆ ಸಿಕ್ಕ ಫಲ ಅದು. ಇದನ್ನು ನೋಡಿ ಯಾವ ಹೆಣ್ಣಿಗೂ ಹಾಗಿರೋಣ ಅನಿಸಲಿಕ್ಕಿಲ್ಲ.

‘ನ ಜಾವೋ ಸೈಯಾಂ’ ಹಾಡನ್ನು ಇನ್ನೊಮ್ಮೆ ನೋಡಿ. ಹಾಡಿದವರು ಗೀತಾ ದತ್, ಸಂಗೀತ ಹೇಮಂತ್ ಕುಮಾರ್, ಸಾಹಿತ್ಯ ಶಕೀಲ್ ಬದಾಯೂನಿ. ಗಂಡ ಹೊರಡುತ್ತಿದ್ದಾನೆ, ಅವಳು ಎಳೆದು ಹಿಡಿಯುತ್ತಿದ್ದಾಳೆ. 1962ರ ಹಿಂದಿ ಚಿತ್ರದಲ್ಲಿ ಮದುವೆಯಾದ ಹೆಣ್ಣು ತನ್ನ ದೇಹದ ಆಸೆಯನ್ನು ಇಷ್ಟು ನೇರವಾಗಿ ಹೇಳಿಕೊಳ್ಳುವುದು ಅಪರೂಪ. ಹಾಡಿನ ಸಾಲುಗಳಲ್ಲಿ ದೈನ್ಯವಿದೆ, ಮೀನಾ ಕುಮಾರಿಯ ಕಣ್ಣಲ್ಲಿ ಹಟವಿದೆ. ಕೋಠಾದವಳು ದುಡ್ಡಿಗೆ ಮಾಡುವುದನ್ನು ನಾನು ಪ್ರೀತಿಗೆ ಮಾಡುತ್ತೇನೆ, ಆಗಲಾದರೂ ಇರುತ್ತೀಯಾ ಅನ್ನುವ ಪಂಥ ಅದು. ಸೋಲುತ್ತಾಳೆ. ಯಾಕೆಂದರೆ ಅವನಿಗೆ ಬೇಕಿದ್ದದ್ದು ಹಾಡೂ ಅಲ್ಲ, ಹೆಂಡವೂ ಅಲ್ಲ. ಮನೆಯಿಂದ ಎದ್ದು ಹೊರಗೆ ಹೋಗುವುದೇ ಅವನ ಸುಖ.

ಇಲ್ಲೊಂದು ಮಾತು. ಈ ಚಿತ್ರದ ಬಗ್ಗೆ ಬರೆಯುವವರೆಲ್ಲ ಮೀನಾ ಕುಮಾರಿಯ ಸ್ವಂತ ಬದುಕಿನ ಕುಡಿತ, ಗುರುದತ್–ಗೀತಾ ದಾಂಪತ್ಯದ ಕಷ್ಟ ಎಲ್ಲವನ್ನೂ ಬೆರೆಸಿಬಿಡುತ್ತಾರೆ. ನನಗದು ಹಿಡಿಸುವುದಿಲ್ಲ. ಹಾಗೆ ನೋಡಿದರೆ ನಟಿಯ ಕಸುಬು ಕಣ್ಮರೆಯಾಗುತ್ತದೆ. ಆ ವರ್ಷದ ಫಿಲ್ಮ್‌ಫೇರ್‌ನಲ್ಲಿ ಶ್ರೇಷ್ಠ ನಟಿಗೆ ಸೂಚಿತವಾದ ಮೂರು ಪಾತ್ರಗಳೂ ಮೀನಾ ಕುಮಾರಿಯವೇ. ಗೆದ್ದದ್ದು ಛೋಟಿ ಬಹು. ಗೋಳು ತೋಡಿಕೊಂಡಿದ್ದಕ್ಕೆ ಬಂದ ಪ್ರಶಸ್ತಿ ಅಲ್ಲ ಅದು.

ತವರಿಗೆ ಹೋಗಬಾರದಿತ್ತಾ ಅಂತ ಕೇಳಿದಿರಿ. ಆ ಕಾಲದ ಕಾನೂನು ನೋಡಿದರೆ ಉತ್ತರ ಸಿಗುತ್ತದೆ.

ಹಿಂದೂ ಮದುವೆಗೆ ಆಗ ಕಾನೂನಿನಲ್ಲಿ ವಿಚ್ಛೇದನ ಇರಲಿಲ್ಲ. ಗಂಡ ಇನ್ನೆಷ್ಟು ಮದುವೆಯಾದರೂ ತಪ್ಪಲ್ಲ. ಹೆಂಡತಿ ಗಂಡನ ಮನೆಗೆ ಬರಲ್ಲ ಅಂದರೆ ಗಂಡ ಕೋರ್ಟಿಗೆ ಹೋಗಿ ‘ನನ್ನ ಹೆಂಡತಿಯನ್ನು ಕಳಿಸಿಕೊಡಿ’ ಅಂತ ಕೇಳಬಹುದಿತ್ತು. ಬೊಂಬಾಯಿಯ ರುಕ್ಮಾಬಾಯಿ ಪ್ರಕರಣ ಇದಕ್ಕೆ ಸಾಕ್ಷಿ. ಹನ್ನೊಂದರ ವಯಸ್ಸಿನಲ್ಲಿ ಮದುವೆ. ದೊಡ್ಡವಳಾದ ಮೇಲೆ ಗಂಡನ ಜೊತೆ ಬಾಳಲಾರೆ ಅಂದಳು. ಗಂಡ 1884ರಲ್ಲಿ ದಾವೆ ಹಾಕಿದ. ಮೊದಲು ನ್ಯಾಯಾಧೀಶರೊಬ್ಬರು ಅವಳ ಪರ ನಿಂತರು. ಮೇಲ್ಮನವಿಯ ನಂತರ 1887ರಲ್ಲಿ ತೀರ್ಪು ತಿರುಗಿತು: ಗಂಡನ ಮನೆಗೆ ಹೋಗು, ಇಲ್ಲ ಜೈಲಿಗೆ ಹೋಗು. ಜೈಲೇ ವಾಸಿ ಅಂದಳು ಆಕೆ. 1888ರಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿಯಾಯಿತು. ಆಮೇಲೆ ಆಕೆ ಲಂಡನ್ನಿಗೆ ಹೋಗಿ ಡಾಕ್ಟರಾದಳು. ದೇಶವೆಲ್ಲ ಮಾತಾಡಿಕೊಂಡ ಪ್ರಕರಣ ಇದು. ಓದಿದ, ಬೆಂಬಲವಿದ್ದ ಹೆಣ್ಣಿಗೇ ಇಷ್ಟು ಕಷ್ಟ. ಪರದೆಯೊಳಗಿನ ಜಮೀನ್ದಾರರ ಸೊಸೆಗೆ?

ಗಂಡ ಬೇರೆ ಹೆಣ್ಣಿನ ಜೊತೆ ಬಾಳುತ್ತಿದ್ದರೆ ಹೆಂಡತಿ ಬೇರೆ ಇದ್ದು ಜೀವನಾಂಶ ಕೇಳಬಹುದು ಅನ್ನುವ ಕಾನೂನು ಬಂದದ್ದು 1946ರಲ್ಲಿ. ವಿಧವೆಗೆ ಗಂಡನ ಆಸ್ತಿಯಲ್ಲಿ ಪಾಲಿನ ವಿಚಾರವಾಗಿ ಬ್ರಿಟಿಷ್ ಇಂಡಿಯಾದಲ್ಲಿ ಕಾನೂನಾದದ್ದು 1937ರಲ್ಲಿ. ನಮ್ಮ ಮೈಸೂರು ಸಂಸ್ಥಾನ ಹೆಂಗಸರ ಆಸ್ತಿ ಹಕ್ಕಿನ ಕಾನೂನನ್ನು ಅದಕ್ಕೂ ಮೊದಲೇ, 1933ರಲ್ಲಿ ಮಾಡಿತ್ತು. ವಿಚ್ಛೇದನ ಎಲ್ಲ ಹಿಂದೂಗಳಿಗೂ ಸಿಕ್ಕಿದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ಛೋಟಿ ಬಹುವಿನ ಕಾಲಕ್ಕೆ ಇವ್ಯಾವುವೂ ಇಲ್ಲ. ಒಡವೆ ಅವಳದೇ, ಸ್ತ್ರೀಧನ. ಆದರೆ ಒಡವೆಯನ್ನು ಸಂತೆಗೆ ಒಯ್ದು ಮಾರಲು ಅವಳು ಹೊರಗೆ ಹೋಗಬೇಕಲ್ಲ? ಮೈತುಂಬ ಚಿನ್ನ ಇರುವ ಹೆಣ್ಣು ಒಂದು ಡಬ್ಬಿ ಸಿಂಧೂರ ತರಿಸಲು ಆಳನ್ನು ಕಳಿಸಿ, ಗುರುತಿಲ್ಲದ ಹಳ್ಳಿ ಹುಡುಗನನ್ನು ಕರೆಸಿ, ಬೇಡಿಕೊಳ್ಳಬೇಕು. ಅವಳ ಸಿರಿತನದ ಅಳತೆ ಅಷ್ಟು.

ಭೂತನಾಥನ ಬಗ್ಗೆ ನೀವು ಏನೂ ಕೇಳಿಲ್ಲ. ಆದರೆ ವರ್ಗದ ವಿಚಾರ ಬಂದರೆ ಅವನನ್ನು ಬಿಡುವಂತಿಲ್ಲ. ಅವನು ಮೊದಲ ಸಲ ಅವಳ ಕೋಣೆಗೆ ಬರುವ ದೃಶ್ಯ ನೋಡಿ. ತಲೆ ತಗ್ಗಿಸಿ ನಿಂತಿದ್ದಾನೆ. ಅವನಿಗೆ ಕಾಣುವುದು ನೆಲದ ಹಾಸು, ಆಮೇಲೆ ಅವಳ ಪಾದ. ಮುಖ ನೋಡಲು ಧೈರ್ಯವಿಲ್ಲ. ಅವಳು ಮಾತಾಡಿಸಿದ ಮೇಲೆ ತಲೆ ಎತ್ತುತ್ತಾನೆ, ಆಗ ಕ್ಯಾಮೆರಾ ಅವಳ ಮುಖದತ್ತ ಸರಿಯುತ್ತದೆ. ಇದನ್ನು ಎಲ್ಲರೂ ಸೌಂದರ್ಯದ ದೃಶ್ಯ ಅಂತ ಹೊಗಳುತ್ತಾರೆ. ನನಗೆ ಅದು ಅಂತಸ್ತಿನ ದೃಶ್ಯ. ಬಡವನ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬಹುದು ಅನ್ನುವುದಕ್ಕೂ ಅಲ್ಲಿ ಕಟ್ಟಳೆ ಇದೆ.

ಮೊದಲ ಹೆಂಡದ ಬಾಟಲಿ ತಂದುಕೊಟ್ಟದ್ದೂ ಇವನೇ. ಮನಸ್ಸಿಲ್ಲ, ಬೇಡ ಅನ್ನುತ್ತಾನೆ, ಆದರೂ ತರುತ್ತಾನೆ. ದೊಡ್ಡ ಮನೆಯ ಸೊಸೆ ಕೇಳಿದ ಮೇಲೆ ಇಲ್ಲ ಅನ್ನುವ ಅಭ್ಯಾಸ ಅವನಂಥವರಿಗೆ ಇಲ್ಲ. ಅವನಿಗೆ ಅವಳ ಮೇಲೆ ಇದ್ದದ್ದು ಭಕ್ತಿಯೋ, ಸ್ನೇಹವೋ, ಪ್ರೇಮವೋ? ಚಿತ್ರ ಬಿಡಿಸಿ ಹೇಳುವುದಿಲ್ಲ. ಒಳ್ಳೆಯದೇ ಆಯಿತು. ಇಷ್ಟಂತೂ ನಿಜ, ಅವಳನ್ನು ಮನುಷ್ಯಳಾಗಿ ಮಾತಾಡಿಸಿದ ಗಂಡಸು ಆ ಮನೆಯಲ್ಲಿ ಇವನೊಬ್ಬನೇ. ಮತ್ತು ಅವನು ಆ ಮನೆಯ ಗಂಡಸಲ್ಲ.

ಈಗ ಕೊಲೆಗೆ ಬರೋಣ. ಗಂಡ ಹಾಸಿಗೆ ಹಿಡಿದಿದ್ದಾನೆ. ಸಾಧುವಿನ ಹತ್ತಿರ ಹೋಗಲು ಛೋಟಿ ಬಹು ಭೂತನಾಥನ ಜೊತೆ ರಾತ್ರಿ ಕುದುರೆ ಗಾಡಿಯಲ್ಲಿ ಹೊರಡುತ್ತಾಳೆ. ಮಝಲೇ ಬಾಬುವಿಗೆ ತಿಳಿಯುತ್ತದೆ. ಅವನ ಆಳುಗಳು ದಾರಿಯಲ್ಲಿ ಗಾಡಿ ತಡೆಯುತ್ತಾರೆ. ಭೂತನಾಥನಿಗೆ ಪ್ರಜ್ಞೆ ತಪ್ಪುವಂತೆ ಹೊಡೆಯುತ್ತಾರೆ. ಅವನು ಎಚ್ಚೆತ್ತಾಗ ಅವಳಿಲ್ಲ. ಮುಂದಿನದನ್ನು ಹೇಳುವುದು ಆ ಅಸ್ಥಿಪಂಜರ.

ಮಝಲೇ ಬಾಬು ಏನನ್ನು ನೋಡಿದ? ಮನೆಯ ಸೊಸೆ, ಹೊಸಿಲ ಆಚೆ, ರಾತ್ರಿ, ಕೂಲಿಗೆ ಬಂದ ಗಂಡಸಿನ ಜೊತೆ. ಅವಳು ಯಾಕೆ ಹೋದಳು ಅನ್ನುವುದು ಅವನಿಗೆ ಬೇಕಿಲ್ಲ. ತಮ್ಮ ಕೋಠಾದಲ್ಲಿ ಪೆಟ್ಟು ತಿಂದು ಬಂದಾಗ ಮನೆತನಕ್ಕೆ ಅವಮಾನ ಆಗಲಿಲ್ಲ. ಸಾಲ ಬೆಳೆದು ಹವೇಲಿ ಮುಳುಗುತ್ತಿದ್ದಾಗಲೂ ಆಗಲಿಲ್ಲ. ಅವಳು ಗಾಡಿ ಹತ್ತಿದಾಗ ಆಯಿತು. ದುಡ್ಡು ಕರಗಿದ ಮೇಲೆ ಆ ಮನೆಯಲ್ಲಿ ‘ದೊಡ್ಡ ಮನೆ’ ಅನ್ನಿಸಿಕೊಳ್ಳಲು ಉಳಿದದ್ದು ಒಂದೇ, ಹೆಂಗಸರು ಒಳಗಿರುವುದು. ಕಾವಲು ಬಿಗಿಯಾದದ್ದು ಅದಕ್ಕೇ. ಸಿರಿತನ ಇಳಿಯುವಾಗ ಮರ್ಯಾದೆಯ ಕಟ್ಟು ಸಡಿಲವಾಗಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ.

ಇದರಲ್ಲಿ ಇನ್ನೊಂದು ಕುತೂಹಲದ ಸಂಗತಿ ಇದೆ. ಆ ಗಾಡಿಯ ಪ್ರಯಾಣಕ್ಕೆ ಹೇಮಂತ್ ಕುಮಾರ್ ಹಾಡಿದ ಒಂದು ಹಾಡಿತ್ತು. ಛೋಟಿ ಬಹು ಭೂತನಾಥನ ಮೇಲೆ ತಲೆಯಿಟ್ಟು ಒರಗುವಂತೆ ಚಿತ್ರೀಕರಿಸಿದ್ದರು. ಪ್ರೇಕ್ಷಕರು ಇದನ್ನು ಸಹಿಸಲಿಲ್ಲ, ಗುರುದತ್ ಅದನ್ನು ತೆಗೆದುಹಾಕಿದರು. ಅದೇ ರಾಗವನ್ನು ಹೇಮಂತ್ ಕುಮಾರ್ 1966ರ ‘ಅನುಪಮಾ’ದಲ್ಲಿ ಬಳಸಿದರು. ‘ಯಾ ದಿಲ್ ಕೀ ಸುನೋ’ ಕೇಳಿದ್ದರೆ ನೀವು ಆ ರಾಗ ಕೇಳಿದ್ದೀರಿ. ಈಗ ಯೋಚಿಸಿ. ಸೊಸೆ ಕುಡಿಯುವುದನ್ನು ಚಿತ್ರಮಂದಿರದ ಜನ ಸಹಿಸಿಕೊಂಡರು, ಕಣ್ಣೀರೂ ಹಾಕಿದರು. ಕೆಳಗಿನವನ ಮೇಲೆ ಒರಗಿದ್ದನ್ನು ಸಹಿಸಲಿಲ್ಲ. ಮಝಲೇ ಬಾಬುವಿನ ಕಣ್ಣು ಪರದೆಯ ಮೇಲಷ್ಟೇ ಇರಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಚಿತ್ರದ ಬಡಕಲು ಜಾಗವನ್ನೂ ಹೇಳಬೇಕು. ಅದು ಜಬಾಳ ಕಥೆ. ಓದಿದ ಹುಡುಗಿ, ಬಾಯಿ ಜೋರು, ಅಪ್ಪನ ಜೊತೆ ಸರಿಸಮ ಮಾತಾಡುತ್ತಾಳೆ. ಕಿರ್ ಕಿರ್ ಅನ್ನುವ ಷೂ ಹಾಕಿಕೊಂಡು ಬಂದ ಹಳ್ಳಿಗನನ್ನು ಗೋಳು ಹೊಯ್ದುಕೊಳ್ಳುತ್ತಾಳೆ. ಬ್ರಾಹ್ಮರ ಹುಡುಗಿಯರಿಗೆ ಆ ಹೊತ್ತಿಗೆ ಬೇರೆ ದಾರಿ ಇತ್ತು. 1872ರ ಕಾಯ್ದೆಯ ಪ್ರಕಾರ ಅವರು ಜಾತಿ ಮೀರಿ ಮದುವೆಯಾಗಬಹುದಿತ್ತು. ಹುಡುಗಿಗೆ ಕನಿಷ್ಠ ಹದಿನಾಲ್ಕು ತುಂಬಿರಬೇಕಿತ್ತು. ಆ ಕಾಯ್ದೆಗಾಗಿ ಹೋರಾಡಿದ ಬ್ರಾಹ್ಮ ಮುಂದಾಳು ಕೇಶವಚಂದ್ರ ಸೇನರೇ 1878ರಲ್ಲಿ ಹದಿನಾಲ್ಕು ತುಂಬದ ಮಗಳನ್ನು ಕೂಚ್ ಬಿಹಾರದ ರಾಜನಿಗೆ ಕೊಟ್ಟು ಬ್ರಾಹ್ಮ ಸಮಾಜವನ್ನೇ ಒಡೆದರು ಅನ್ನುವುದು ಬೇರೆ ಮಾತು. ದೊಡ್ಡ ಸಂಬಂಧ ಬಂದಾಗ ಸುಧಾರಕರ ಕಾಲೂ ಜಾರುತ್ತಿತ್ತು.

ಇಂಥ ಜಬಾ, ತನಗೆ ಮಗುವಾಗಿದ್ದಾಗಲೇ ಮದುವೆಯಾಗಿಹೋಗಿದೆ ಅಂತ ತಿಳಿದು, ಗೊತ್ತಾಗಿದ್ದ ಸಂಬಂಧ ಬಿಡುತ್ತಾಳೆ. ಆ ಬಾಲ್ಯದ ಗಂಡ ಬೇರೆ ಯಾರೂ ಅಲ್ಲ, ಭೂತನಾಥನೇ. ಅವಳಿಗೆ ಅವನೇ ಇಷ್ಟವಿದ್ದ ಕಾರಣ ಎಲ್ಲ ಸುಖಾಂತ. ಬಾಲ್ಯವಿವಾಹ ಇಲ್ಲಿ ವರವಾಗಿಬಿಟ್ಟಿತು! ಆ ಗಂಡ ಇನ್ಯಾರೋ ಆಗಿದ್ದರೆ? ರುಕ್ಮಾಬಾಯಿಯ ಗಂಡನಂಥವನಾಗಿದ್ದರೆ? ಒಂದು ಮದುವೆಯ ಕ್ರೌರ್ಯವನ್ನು ಅಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರ ಇನ್ನೊಂದು ಮದುವೆಯನ್ನು ಅದೃಷ್ಟದ ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಕಾದಂಬರಿಯ ಈ ಎಳೆಯನ್ನು ಬದಲಾಯಿಸುವ ಅವಕಾಶ ಚಿತ್ರತಂಡಕ್ಕೆ ಇತ್ತು. ಮಾಡಲಿಲ್ಲ. ವಹೀದಾ ರೆಹಮಾನ್ ತಮಗೆ ಛೋಟಿ ಬಹು ಪಾತ್ರವೇ ಬೇಕು ಅಂತ ಆಸೆಪಟ್ಟಿದ್ದರಂತೆ. ತೀರಾ ಚಿಕ್ಕವರಾಗಿ ಕಾಣುತ್ತಾರೆ ಅಂತ ಆಗಲಿಲ್ಲ. ಜಬಾ ಪಾತ್ರ ನೋಡಿದರೆ ಅವರ ಆಸೆ ಅರ್ಥವಾಗುತ್ತದೆ.

ಸಮಯವಿದ್ದರೆ ಇದರ ಜೊತೆ ಗುರುದತ್ ಅವರದೇ 1955ರ ‘ಮಿಸ್ಟರ್ ಅಂಡ್ ಮಿಸೆಸ್ 55’ ನೋಡಿ. ಅದು ಹಾಸ್ಯ ಚಿತ್ರ. ಮಧುಬಾಲಾ ಸಿರಿವಂತ ಮನೆಯ ಹುಡುಗಿ. ಆಸ್ತಿ ಕೈಗೆ ಬರಬೇಕಾದರೆ ಮದುವೆಯಾಗಬೇಕು. ಗಂಡಸರನ್ನು ಕಂಡರಾಗದ ಸೋದರತ್ತೆ, ಲಲಿತಾ ಪವಾರ್, ಕೆಲಸವಿಲ್ಲದ ವ್ಯಂಗ್ಯಚಿತ್ರಕಾರನೊಬ್ಬನಿಗೆ ದುಡ್ಡು ಕೊಟ್ಟು ಮದುವೆ ಮಾಡಿಸುತ್ತಾಳೆ. ಆಮೇಲೆ ವಿಚ್ಛೇದನ ಕೊಡಿಸುವ ಲೆಕ್ಕ. ಚಿತ್ರದಲ್ಲಿ ಕಾಣುವ ವ್ಯಂಗ್ಯಚಿತ್ರ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರದು. ವಿಚ್ಛೇದನದ ಕಾನೂನು ದೇಶದಲ್ಲಿ ಬಿಸಿ ಚರ್ಚೆಯಲ್ಲಿದ್ದಾಗ ಬಂದ ಈ ಚಿತ್ರ ಆ ಕಾನೂನಿನ ಪರ ಇದ್ದ ಹೆಂಗಸರನ್ನು ಗೇಲಿ ಮಾಡುತ್ತದೆ. ಹೊಡೆದರೂ ಗಂಡನೇ ಚೆಂದ ಅನ್ನುವ, ಆ ವ್ಯಂಗ್ಯಚಿತ್ರಕಾರನ ಅತ್ತಿಗೆಯ ಪಾತ್ರವನ್ನು ಆದರ್ಶ ಮಾಡುತ್ತದೆ. ನಿಮ್ಮ ಸಿಟ್ಟಿಗೆ ಸರಿಯಾದ ಜಾಗ ಅದು.

ಎರಡಕ್ಕೂ ಬರಹಗಾರ ಅಬ್ರಾರ್ ಅಲ್ವಿ. ಏಳು ವರ್ಷದ ಅಂತರ. ಮೊದಲನೆಯದರಲ್ಲಿ ಹೆಂಡತಿ ಗಂಡನನ್ನು ಬಿಡದಿದ್ದರೆ ಎಲ್ಲ ಸರಿಹೋಗುತ್ತದೆ. ಎರಡನೆಯದರಲ್ಲಿ ಬಿಡದ ಹೆಂಡತಿ ನೆಲದಡಿ ಸೇರುತ್ತಾಳೆ. ಅವರು ಬೇಕೆಂದೇ ತಮ್ಮ ಹಳೆಯ ಮಾತಿಗೆ ಉತ್ತರ ಕೊಟ್ಟರು ಅಂತ ನಾನು ಹೇಳುವುದಿಲ್ಲ. ಆದರೆ ಬೆನ್ನುಬೆನ್ನಿಗೆ ನೋಡಿದರೆ ಉತ್ತರದ ಹಾಗೆಯೇ ಕಾಣುತ್ತದೆ.

ಕೊನೆಯ ಅನುಮಾನ, ನಿರ್ದೇಶಕರು ಯಾರು ಅಂತ. ತೆರೆಯ ಮೇಲೆ ಇರುವುದು ಅಬ್ರಾರ್ ಅಲ್ವಿ ಹೆಸರು. ಫಿಲ್ಮ್‌ಫೇರ್ ಶ್ರೇಷ್ಠ ನಿರ್ದೇಶಕ ಪ್ರಶಸ್ತಿಯೂ ಅವರಿಗೇ ಬಂತು. 1959ರ ‘ಕಾಗಜ್ ಕೇ ಫೂಲ್’ ಸೋತ ಮೇಲೆ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕ ಅಂತ ಹೆಸರು ಹಾಕಿಕೊಳ್ಳಲಿಲ್ಲ. ಹಾಡುಗಳನ್ನು ಗುರುದತ್ ಚಿತ್ರೀಕರಿಸಿದರು, ಮಿಕ್ಕದ್ದು ನನ್ನದು ಅಂತ ಅಲ್ವಿ ಹೇಳಿಕೊಂಡು ಬಂದರು. ಹಾಡುಗಳ ಶೈಲಿ ನೋಡಿ ಇಡೀ ಚಿತ್ರವೇ ಗುರುದತ್ ಅವರದು ಅನ್ನುವವರು ಬಹಳ ಜನ. ನಾನು ಅಲ್ವಿ ಮಾತನ್ನೇ ಒಪ್ಪುತ್ತೇನೆ. ಈ ಚಿತ್ರದ ಮಾತಿನ ದೃಶ್ಯಗಳಲ್ಲಿ ಒಂದು ಬರಹಗಾರನ ತಾಳ್ಮೆ ಇದೆ. ಗುರುದತ್ ನಿರ್ದೇಶಿಸಿದ ‘ಪ್ಯಾಸಾ’ದ ಚಡಪಡಿಕೆ ಇಲ್ಲಿಲ್ಲ.

ಈ ಜಗಳದಲ್ಲಿ ಮೂರನೆಯವರನ್ನು ಮರೆಯುತ್ತೇವೆ, ಛಾಯಾಗ್ರಾಹಕ ವಿ.ಕೆ. ಮೂರ್ತಿ. ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತವರು. ಗುರುದತ್ ಕೂಡ ಹುಟ್ಟಿದ್ದು ಬೆಂಗಳೂರಿನಲ್ಲೇ, ಕೊಂಕಣಿ ಮನೆಮಾತಿನ ಪಡುಕೋಣೆ ಕುಟುಂಬದಲ್ಲಿ. ಬೆಳೆದದ್ದು ಕಲ್ಕತ್ತದಲ್ಲಿ. ತಾಯಿ ವಾಸಂತಿ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಬಂಗಾಳದ ಕಥೆ ಗುರುದತ್ ಅವರಿಗೆ ಹೊರಗಿನದಾಗಿರಲಿಲ್ಲ. ‘ಸಾಕಿಯಾ ಆಜ್ ಮುಝೇ’ ಹಾಡಿನಲ್ಲಿ ಮೀನೂ ಮುಮ್ತಾಜ್ ಮೇಲೆ ಮಾತ್ರ ಬೆಳಕು ಬಿಟ್ಟು, ಹಿಂದಿನ ನರ್ತಕಿಯರ ಮುಖಗಳನ್ನೆಲ್ಲ ನೆರಳಿನಲ್ಲಿ ಇಟ್ಟವರು ಮೂರ್ತಿ. ಮುಖ್ಯ ನರ್ತಕಿ ಬೆಳಕಿಗೆ ಬಂದಾಗಲೂ ಹಿಂದಿನವರು ಕತ್ತಲಲ್ಲೇ ಕುಣಿಯುತ್ತಾರೆ. ಈ ಚಿತ್ರಕ್ಕೆ ಅವರಿಗೆ ಫಿಲ್ಮ್‌ಫೇರ್ ಬಂತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದಾಗ, ಆ ಗೌರವ ಸಿಕ್ಕಿದ ಮೊದಲ ಛಾಯಾಗ್ರಾಹಕರು ಅವರೇ. ಇನ್ನೊಮ್ಮೆ ನೋಡುವಾಗ ಫೋನಿನಲ್ಲಿ ನೋಡಬೇಡಿ. ಟಿವಿ ಬೆಳಕು ಕಡಿಮೆ ಮಾಡಿ, ದೊಡ್ಡ ಪರದೆಯಲ್ಲಿ ನೋಡಿ. ಅರ್ಧ ಚಿತ್ರ ಇರುವುದೇ ಆ ನೆರಳುಗಳಲ್ಲಿ.